ಕೈಯಲ್ಲಿರುವ ಹಲಗೆ ಯಾರದು?

ಹೊಸದೊಂದು ಟ್ಯಾಬ್ಲೆಟ್ ಪೇಟೆಗೆ ಬಂತೆಂಬ ವರ್ತಮಾನವನ್ನು ಕೇಳಿದ ಕೂಡಲೇ ಜನರು ಎರಡು ಪ್ರಶ್ನೆಗಳನ್ನು ಕೇಳುವದುಂಟು. ಅದರ ಕ್ರಯವೆಷ್ಟು? ಅದು ಏನೇನು ಮಾಡಬಲ್ಲದು? ಇವೆರಡೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಇವುಗಳ ಸಂಗಡ ಮೂರನೆಯದೊಂದನ್ನು ಕೇಳಬೇಕೆಂದು ನಾವು ಹೇಳುತ್ತೇವೆ: ಒಬ್ಬನ ಕೈಗೆ ಬಂದ ಈ ವಿದ್ಯೆಯ ಹಲಗೆಯಲ್ಲಿ ಅದಿಲ್ಲದವನಿಗೆ ಪಾಲುಂಟೋ? ಇದನ್ನು ವಿಚಾರಿಸುವದಕ್ಕೆ ನಾವು ದೂರ ದೇಶಕ್ಕೆ ಹೋಗಬೇಕಾದದ್ದಿಲ್ಲ. ಅಬ್ಬಿಗೆರೆಯ ಮಗ್ಗುಲಲ್ಲೇ ದೃಷ್ಟಾಂತವುಂಟು.

ಅಬ್ಬಿಗೆರೆಗೆ ನೆರೆಯಾದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಸೈನ್ಯಕ್ಕೆ ಬೇಕಾದ ಯಂತ್ರಗಳನ್ನು ಮಾಡುವ ಆ ಸಂಸ್ಥೆಯು 2004ರಲ್ಲಿ ಅಂಗೈಯಲ್ಲಿ ಹಿಡಿಯುವಂಥ ಒಂದು ಕಂಪ್ಯೂಟರನ್ನು ಮಾಡಿ ಪೇಟೆಗೆ ತಂದಿತು. ಅದರ ಹೆಸರು ಸಿಂಪ್ಯೂಟರ್. ಅದನ್ನು ಯೋಚಿಸಿದವರು ಏಳು ಮಂದಿ. ನಮ್ಮ ಜನರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪಂಡಿತರೂ, ಬೆಂಗಳೂರಿನ ಎನ್ಕೋರ್ ಕಂಪೆನಿಯ ಮೂವರೂ. ಅದರ ಮೊದಲನೆಯ ಮಾದರಿಯು 2001ರಲ್ಲಿಯೇ ಜನರ ಮುಂದೆ ಬಂದಿತ್ತು. ಲೋಕವೆಲ್ಲಾ ಕೊಂಡಾಡಿದ ಐಪ್ಯಾಡ್ ಎಂಬದು ಬಂದದ್ದು 2010ರಲ್ಲಿ. ಹೀಗಿರಲಾಗಿ, ಗಾಜಿನ ಮೇಲೆ ಕಡ್ಡಿಯಿಂದ ಮುಟ್ಟಿ ಬರೆಯುವ ಹಲಗೆಯೊಂದು ಅದಕ್ಕೆ ಆರು ವರುಷಗಳ ಮುಂಚೆಯೇ ಜಾಲಹಳ್ಳಿಯ ಸಂಸ್ಥೆಯಿಂದ ಹೊರಟಿತ್ತು.

ಈ ಯಂತ್ರದಲ್ಲಿ ಎರಡು ಸಂಗತಿಗಳು ಗಮನಿಸತಕ್ಕವು. ಒಂದನೆಯದು, ಓದಲರಿಯದವನಿಗೂ ಅದು ಪ್ರಯೋಜನವಾಗಬೇಕೆಂದು ಕನ್ನಡವನ್ನೂ ಹಿಂದಿಯನ್ನೂ ಗಟ್ಟಿಯಾಗಿ ಓದಿ ಹೇಳುವ ವಿಧಾನವನ್ನು ಅದಕ್ಕಾಗಿ ಕಲ್ಪಿಸಿದರು. ಎರಡನೆಯದು, ಅದನ್ನು ಒಬ್ಬನ ಸೊತ್ತಾಗಿ ಎಣಿಸಲಿಲ್ಲ. ಹಳ್ಳಿಗೆ ಒಂದು ಯಂತ್ರವಿರಲಿ. ಪ್ರತಿಯೊಬ್ಬನ ಬಳಿಯಲ್ಲಿ ಅವನದೇ ಆದ ಒಂದು ಚಿಕ್ಕ ಕಾರ್ಡು ಇರಲಿ. ಕಾರ್ಡನ್ನು ಯಂತ್ರಕ್ಕೆ ಹಾಕಿದಾಗ ಅವನ ಲೆಕ್ಕ, ಅವನ ಕಾಗದ ಅವನಿಗೆ ಮಾತ್ರ ಕಾಣಲಿ, ಎಂಬದೇ ಅವರ ಯೋಚನೆ. ಬಾವಿಯು ಊರಿನದು, ಬಿಂದಿಗೆಯು ಅವರವರದು ಎಂಬ ಹಾಗೆ.

ಮುಂದೆ ಆದದ್ದೇನು? ಸುಮಾರು 9,000 ರೂಪಾಯಿಗೆ ಕೊಡಬೇಕೆಂದಿದ್ದ ಯಂತ್ರವು ಸುಮಾರು 10,000ದಿಂದ ಮೇಲಕ್ಕೆ ಮಾರಲ್ಪಟ್ಟಿತು. ಅದು ಆ ಕಾಲದ ಕೂಲಿಯವನಿಗೆ ಅನೇಕ ತಿಂಗಳುಗಳ ಸಂಪಾದನೆ. ಎಣಿಸಿದಷ್ಟು ಜನರು ಕೊಳ್ಳಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಫೋನುಗಳು ಮನೆಮನೆಗೂ ಬಂದವು. ತರುವಾಯ 2011ನೆಯ ಅಕ್ಟೋಬರ್ 5ರಂದು ಕೇಂದ್ರ ಸರಕಾರವು ದಿಲ್ಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ಆಕಾಶ್ ಎಂಬ ಟ್ಯಾಬ್ಲೆಟನ್ನು ಪ್ರಕಟಿಸಿತು. ಸರಕಾರವು ಅದಕ್ಕೆ ಕೊಟ್ಟ ಕ್ರಯವು 2,276 ರೂಪಾಯಿ. ಇದು ಬಹು ಅಗ್ಗವೇ. ಆದರೆ ನಿಧಾನವೆಂದೂ ಬ್ಯಾಟರಿಯು ಬೇಗನೆ ತೀರುವದೆಂದೂ ದೂರುಗಳೆದ್ದವು. ಒಂದು ಯಂತ್ರಕ್ಕೆ ಕ್ರಯವು ಅಡ್ಡಿಯಾಯಿತು, ಇನ್ನೊಂದಕ್ಕೆ ಅಗ್ಗವೇ ಅಡ್ಡಿಯಾಯಿತು.

ಇಲ್ಲಿ ಕೆಲವರು, “ನೋಡಿರಿ, ಬಡವರ ಮೇಲಣ ಪ್ರೀತಿಯಿಂದ ಮಾಡಿದ್ದು ನಿಂತುಹೋಯಿತು, ಲಾಭಕ್ಕಾಗಿ ಮಾಡಿದ್ದು ಬಡವರಿಗೆ ಮುಟ್ಟಿತು, ಆದದರಿಂದ ಪ್ರೀತಿಯಿಂದೇನು?” ಅನ್ನುವರು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಬಡವನಿಗಾಗಿ ಕೆಲಸ ಮಾಡುವವನು ಬಡವನ ಚೀಲವನ್ನು ಮೊದಲು ಲೆಕ್ಕ ಮಾಡಬೇಕು. ಸದುದ್ದೇಶವು ಲೆಕ್ಕದಿಂದ ಯಾರನ್ನೂ ಬಿಡಿಸುವದಿಲ್ಲ. ಆದರೂ ಅಗ್ಗದ ಫೋನು ಕೈಗೆ ಬಂದದ್ದರಿಂದ ಆ ಏಳು ಮಂದಿಯು ಕೇಳಿದ ಪ್ರಶ್ನೆಯು ತೀರಿತೋ? ಪೇಟೆಯು ವಸ್ತುವನ್ನು ಮನೆಯ ಬಾಗಿಲ ತನಕ ತರಬಲ್ಲದು. ಬಾಗಿಲಿನ ಒಳಗೆ ಅದು ಯಾರ ಕೈಗೆ ಹೋಗುವದೆಂಬದನ್ನು ಪೇಟೆಯು ವಿಚಾರಿಸುವದಿಲ್ಲ.

2020ನೆಯ ವರುಷವನ್ನು ಜ್ಞಾಪಿಸಿಕೊಳ್ಳಿರಿ. ಕೊರೋನಾ ರೋಗದ ನಿಮಿತ್ತ ಶಾಲೆಗಳು ಮುಚ್ಚಿದವು. ಪಾಠಗಳು ಫೋನಿನೊಳಗೆ ಹೋದವು. ಫೋನಿಲ್ಲದ ಮಕ್ಕಳಿಗೋಸ್ಕರ ನಮ್ಮ ರಾಜ್ಯದಲ್ಲಿ ವಿದ್ಯಾಗಮವೆಂಬ ಏರ್ಪಾಡಾಗಿ, ಉಪಾಧ್ಯಾಯರೇ ಊರುಗಳಿಗೆ ಹೋಗಿ ಮರದ ನೆರಳಿನಲ್ಲಿಯೂ ಜಗಲಿಗಳಲ್ಲಿಯೂ ಕಲಿಸಿದರು. ಫೋನು ಒಂದೇ ಇದ್ದು ಮಕ್ಕಳು ಮೂವರಿದ್ದ ಮನೆಯಲ್ಲಿ ಅದು ಮೊದಲು ಯಾರ ಪಾಲಿಗೆ ಬರುವದು? ಗಂಡುಮಗನ ಪಾಲಿಗೋ, ಅಡಿಗೆ ಮುಗಿಸಿ ಬಂದು ಕೂತುಕೊಂಡ ಹೆಣ್ಣುಮಗಳ ಪಾಲಿಗೋ? ಈ ಪ್ರಶ್ನೆಗೆ ಯಾವ ಕಾರ್ಖಾನೆಯೂ ಉತ್ತರ ಕೊಡಲಾರದು. ತಂದೆತಾಯಿಗಳೇ ಕೊಡಬೇಕು.

ಆದದರಿಂದ ನಮ್ಮ ವಾಚಕರ ಮುಂದೆ ಮೂರು ಮಾತುಗಳನ್ನು ಇಡುತ್ತೇವೆ.

1. ಹೊಸ ಹಲಗೆಯನ್ನು ಸಾಲ ಮಾಡಿ ಕೊಳ್ಳುವದಕ್ಕೆ ಮುಂಚೆ, ಅದರಿಂದ ಆಗಬೇಕಾದ ಕೆಲಸವು ಯಾವದೆಂದು ಮನೆಯವರೆಲ್ಲರೂ ಕೂತು ಮಾತಾಡಲಿ. ಹಳೆಯದರಿಂದ ಆಗುವ ಕೆಲಸಕ್ಕೆ ಹೊಸದನ್ನು ತರುವದು ನೆರೆಮನೆಯವನ ಕಣ್ಣಿಗಾಗಿ ಬಡ್ಡಿ ಕಟ್ಟಿದ ಹಾಗೆ.

2. ಮನೆಯಲ್ಲಿ ಒಂದೇ ಇದ್ದರೆ ಸರದಿಯಿರಲಿ. ಆ ಸರದಿಯಲ್ಲಿ ಹೆಣ್ಣುಮಕ್ಕಳ ಹೊತ್ತು ಗಂಡುಮಕ್ಕಳ ಹೊತ್ತಿಗೆ ಒಂದು ಗಳಿಗೆಯೂ ಕಡಿಮೆಯಾಗದಿರಲಿ.

3. ಓದಬಲ್ಲವನು ಓದಲಾರದವನಿಗೆ ಸಾಲಗಾರನು. ಮುದುಕಿಯ ಪಿಂಚಣಿಯ ಅರ್ಜಿಯನ್ನೂ ರೈತನ ಪಹಣಿಯನ್ನೂ ಹಲಗೆಯಲ್ಲಿ ನೋಡಿ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಲಿ. ಈಗಿನ ಕಾಲದಲ್ಲಿ ಓದಲರಿಯದವರು ಬ್ಯಾಂಕಿನಿಂದ ಬರುವ ಗುಟ್ಟಿನ ಅಂಕೆಯನ್ನು ಸಹ ನೆರೆಯವನ ಕೈಯಲ್ಲಿ ಓದಿಸುವದುಂಟು. ಅಂಥ ನಂಬಿಕೆಯನ್ನು ಪಡೆದವನು ಒಂದು ಅಕ್ಷರವನ್ನು ಮರೆಮಾಡಿದರೂ ಕನ್ನ ಕೊರೆದವನಿಗೆ ಸಮಾನನೇ. ಪ್ರತಿಯೊಬ್ಬನಿಗೆ ಬೇರೆ ಕಾರ್ಡು ಇರಬೇಕೆಂದು ಆ ಪಂಡಿತರು ಯೋಚಿಸಿದಾಗ ಬಡವನಿಗೂ ಗುಟ್ಟಿನ ಹಕ್ಕುಂಟೆಂದು ಒಪ್ಪಿಕೊಂಡ ಹಾಗಾಯಿತಲ್ಲವೇ?

ಯಂತ್ರಗಳು ಬರುವವು, ಹಳತಾಗುವವು. ಸಿಂಪ್ಯೂಟರಿನ ಮಾತು ಇಂದು ಪೇಟೆಯಲ್ಲಿಲ್ಲ. ಈ ವರುಷ ಹೊಗಳಿಸಿಕೊಳ್ಳುವ ಹಲಗೆಯೂ ಒಂದು ದಿವಸ ಗುಜರಿಯವನ ಮೂಟೆಯನ್ನು ಸೇರುವದು. ಆದರೆ ಅದರಿಂದ ನೆರೆಯವನ ಕಾಗದವನ್ನು ನಿಜವಾಗಿ ಓದಿಕೊಟ್ಟಿದ್ದರೆ, ಆ ಮುದುಕಿಯ ಮನೆಗೆ ಬಂದ ಪಿಂಚಣಿಯು ಮೂಟೆಯೊಳಗೆ ಹೋಗುವದಿಲ್ಲ. ಹೊಸದನ್ನು ಕೊಳ್ಳುವವರು ಅದನ್ನು ಯಾರ ಸಂಗಡ ನೋಡಬೇಕೆಂದು ಇಂದೇ ನಿಶ್ಚಯಿಸಲಿ.