ವಾಲಿಯ ಅರ್ಥ, ಭೀಮಸೇನರ ತಾನ

ನಮ್ಮ ನರಿಮೊಗರಿನ ಆಸುಪಾಸಿನ ತಾಳಮದ್ದಳೆಗಳಲ್ಲಿ ವಾಲಿವಧೆ ಎಂದರೆ ಜನ ಸೇರುತ್ತಾರೆ. ವಾಲಿಯ ಅರ್ಥ, ಅಂದರೆ ಆ ಪಾತ್ರದ ಮಾತುಗಾರಿಕೆ, ಸಾಮಾನ್ಯವಾಗಿ ಪಳಗಿದವರಿಗೆ. ಎದುರು ರಾಮನಾಗಿ ಕೂತವರು ಎಷ್ಟೋ ಸಲ ವಯಸ್ಸಿನಲ್ಲೂ ಅನುಭವದಲ್ಲೂ ಕಿರಿಯರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾ ಹೋದಂತೆ ರಾಮನಿಗೆ ಬೆವರು. ಆದರೆ ಪ್ರಸಂಗದ ತೀರ್ಮಾನ ಎಂದೋ ಆಗಿಹೋಗಿದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯೂ ಕೊನೆಗೆ ಸಾಯಲೇಬೇಕಿತ್ತು.

ಸಿನಿಮಾದಲ್ಲಿ ಶಾಸ್ತ್ರೀಯ ಸಂಗೀತ ಎಂದಾಗ ನನಗೆ ಮೊದಲು ನೆನಪಾಗುವುದೂ ಇಂಥದೇ ಒಂದು ಸೋಲು. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’. ಕತೆಯ ಬೇರು ನಮ್ಮ ತ.ರಾ.ಸು. ಅವರ ‘ಹಂಸಗೀತೆ’ಯಲ್ಲಿದೆ. ಇಬ್ಬರು ಗಾಯಕರ ನಡುವೆ ಪಂಥ. ನಾಯಕ ಭಾರತ್ ಭೂಷಣ್‌ಗೆ ಮನ್ನಾ ಡೇ ದನಿ, ಎದುರಾಳಿಗೆ ಗದಗಿನ ಭೀಮಸೇನ ಜೋಶಿಯವರದು. ಗೆಲ್ಲಬೇಕಾದವನು ನಾಯಕ. ಭೀಮಸೇನರನ್ನು ಸೋಲಿಸಿ ಹಾಡಬೇಕು ಎಂದು ಕೇಳಿದಾಗ ಹೆದರಿಕೆಯಲ್ಲಿ ಊರು ಬಿಟ್ಟು ಹೋಗುವ ಯೋಚನೆ ಬಂದಿತ್ತೆಂದು ಮನ್ನಾ ಡೇ ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ಹೆದರಿದ್ದು ಗೆಲ್ಲಬೇಕಾದವರು!

ಆಗ ಭೀಮಸೇನರಿಗೆ ಮೂವತ್ತನಾಲ್ಕರ ಹರೆಯ. ಕಿರಾಣಾ ಘರಾಣೆಯ ಗಾಯಕನಾಗಿ ಹೆಸರು ಏರುತ್ತಿದ್ದ ಕಾಲ. ಸಿನಿಮಾ ಹಾಡುಗಾರನ ಎದುರು ಸೋಲಲು ಒಪ್ಪುವ ದರ್ದು ಅವರಿಗೇನಿತ್ತು? ಆ ಹಾಡನ್ನು ಕೇಳುವಾಗ ನಾನು ಹುಡುಕುವುದು ಒಂದನ್ನೇ: ಎಲ್ಲಾದರೂ ಬೇಕೆಂದೇ ಸಡಿಲಬಿಟ್ಟು ಹಾಡಿದ್ದಾರೆಯೇ ಎಂದು. ಸಿಕ್ಕಿಲ್ಲ. ಸರದಿ ಬಂದಾಗೆಲ್ಲ ಆ ದನಿ ಎದೆಯಾಳದಿಂದ ಎದ್ದು ಬರುತ್ತದೆ, ತಾನಗಳಲ್ಲಿ ಎಲ್ಲೂ ಜಿಪುಣತನವಿಲ್ಲ. ಕತೆಗಾಗಿ ಸೋಲುವವನು ಹಾಡಿನಲ್ಲಿ ಸೋತು ಕೊಡಬೇಕಾಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸಡಿಲವಾಗಿ ಹಾಡಿದ್ದರೆ ಮನ್ನಾ ಡೇಯ ಗೆಲುವು ಕಾಸಿಗೂ ಬಾಳುತ್ತಿರಲಿಲ್ಲ.

“ಸಾಯುವುದು ಗೊತ್ತಿದ್ದೂ ಅಷ್ಟೆಲ್ಲ ವಾದ ಯಾಕೆ?” ಎಂದು ತಾಳಮದ್ದಳೆಯ ಅರ್ಥಧಾರಿಯೊಬ್ಬರನ್ನು ಕೇಳಿದ್ದೆ. “ವಾಲಿ ಗಟ್ಟಿ ಇಲ್ಲದಿದ್ದರೆ ರಾಮನಿಗೆ ಅಲ್ಲಿ ಎಂತ ಕೆಲಸ ಉಂಟು ಮಾರಾಯ್ರೇ?” ಎಂದರು, ಎಲೆಗೆ ಸುಣ್ಣ ಹಚ್ಚುತ್ತಾ.

‘ಹಂಸಗೀತೆ’ ಕಾದಂಬರಿಯನ್ನೇ 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆರೆಗೆ ತಂದರು. ಅನಂತನಾಗ್ ಭೈರವಿ ವೆಂಕಟಸುಬ್ಬಯ್ಯನಾದರು. ಹಾಡಿದ ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಂಗೀತದಲ್ಲಿ ನಮ್ಮ ಪಕ್ಕದ ಮಂಚಿಯ ಬಿ.ವಿ. ಕಾರಂತರೂ ಇದ್ದರು. ಇಲ್ಲಿ ಗಾಯಕ ಅರಸನ ಅಪ್ಪಣೆಗೆ ಹಾಡುವ ಬದಲು ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ನೋಡಿದವರ ಮೈ ಜುಮ್ಮೆನ್ನುವ ನಿರಾಕರಣೆ. ಆದರೆ ವಯಸ್ಸಾದಂತೆ ನನಗೆ ಆ ಕತ್ತಿಗಿಂತ ಭೀಮಸೇನರ ಒಪ್ಪಿಗೆಯೇ ಹೆಚ್ಚು ಕಷ್ಟದ್ದಾಗಿ ಕಾಣುತ್ತಿದೆ. ನಾಲಗೆ ಕೊಯ್ದುಕೊಂಡವನನ್ನು ಲೋಕ ಹೊಗಳುತ್ತದೆ. ಪೂರ್ತಿ ಹಾಡಿ, ಆಮೇಲೆ ತನಗಿಂತ ಕಿರಿದಾದ ವಿದ್ಯೆಗೆ ಮೇಲುಗೈ ಬಿಟ್ಟುಕೊಟ್ಟವನನ್ನು ಕತೆಯೊಳಗೆ ಯಾರೂ ತಿರುಗಿ ನೋಡುವುದಿಲ್ಲ.

ಬಿಟ್ಟುಕೊಡುವುದರಲ್ಲೂ ಕಪಟ ಉಂಟು. ಅಡಿಕೆ ತೋಟದ ಯಜಮಾನಿಕೆಯನ್ನು ಮಗನಿಗೆ ವಹಿಸಿದ ಅಪ್ಪಂದಿರನ್ನು ನಮ್ಮಲ್ಲಿ ನೋಡಬೇಕು. ಮಳೆಗೆ ಮೊದಲು ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಮಗನಿಗೂ ಗೊತ್ತು. ಸುಣ್ಣ ಹಳತಾಗಿ ಸತ್ವ ಕಳಕೊಂಡದ್ದು ಅಪ್ಪನಿಗೆ ಮಾತ್ರ ಗೊತ್ತು. ಅಪ್ಪ ಜಗಲಿಯಲ್ಲಿ ಕೂತು ಸುಮ್ಮನೆ ನೋಡುತ್ತಾನೆ. ಕೊಳೆರೋಗ ಬಂದ ಮೇಲೆ, “ನನ್ನನ್ನು ಯಾರು ಕೇಳ್ತಾರೆ ಈಗ?” ಎನ್ನುತ್ತಾನೆ. ಹೊರಗಿನಿಂದ ನೋಡಿದರೆ ಅವನೂ ಬಿಟ್ಟುಕೊಟ್ಟವನೇ. ಆದರೆ ತನಗೆ ಗೊತ್ತಿದ್ದುದನ್ನು ಹಿಡಿದಿಟ್ಟುಕೊಂಡು ಬಿಟ್ಟ.

‘ಬಸಂತ್ ಬಹಾರ್’ ಬಂದು ಹತ್ತು ವರ್ಷದ ಬಳಿಕ, 1966ರಲ್ಲಿ, ಅನಕೃ ಕಾದಂಬರಿಯ ‘ಸಂಧ್ಯಾರಾಗ’ಕ್ಕೆ ಭೀಮಸೇನರೂ ಬಾಲಮುರಳಿಯವರೂ ಹಾಡಿದರು. ಆ ಹಾಡುಗಳು ಕನ್ನಡಿಗರ ಬಾಯಲ್ಲಿ ಇಂದಿಗೂ ಇವೆ, ನಾನೂ ಗುನುಗುವುದುಂಟು. ಆದರೂ ಕೇಳಬೇಕೆನಿಸಿದಾಗ ನಾನು ಹಾಕುವುದು ‘ಬಸಂತ್ ಬಹಾರ್’ನ ಪಂಥವನ್ನೇ, ಅದೂ ಸೋಲುವವನ ಸರದಿಗೆ ಕಾಯುತ್ತಾ.