ಎಲ್ಲೆಡೆ ಇರುವ ದೇವರು, ಗಡಿಯಾಚೆಯ ಊರು

ದೇವರು ಎಲ್ಲೆಡೆ ಇದ್ದಾನೆಂದು ಸಾರಿದ ಸಿಖ್ ಧರ್ಮದ ಅನುಯಾಯಿಗಳು ಒಂದು ನಿರ್ದಿಷ್ಟ ಊರನ್ನು ಮುಟ್ಟಲು ಹಂಬಲಿಸುವುದು ಆ ಧರ್ಮಕ್ಕೇ ವಿರುದ್ಧವಾದ ನಡೆಯೇ ಎಂಬ ಪ್ರಶ್ನೆ ಪಂಜಾಬಿನ ಗಡಿಯಲ್ಲಿ ತೀವ್ರವಾಗಿ ಎದುರಾಗುತ್ತದೆ. ತೀರ್ಥಸ್ನಾನದಿಂದಲೇ ಪುಣ್ಯ ಕೂಡುತ್ತದೆಂಬ ನಂಬಿಕೆಯನ್ನು ಗುರುನಾನಕರು ಒಪ್ಪಲಿಲ್ಲ. ಅವರ ಬದುಕನ್ನು ಭಕ್ತಿಯಿಂದ ನಿರೂಪಿಸುವ ಜನಮ್‌ಸಾಖಿಗಳೆಂಬ ಕಥನಗಳಲ್ಲಿ, ಮೆಕ್ಕಾದಲ್ಲಿ ಕಾಬಾದ ಕಡೆಗೆ ಕಾಲು ಚಾಚಿ ಮಲಗಿದ್ದ ಅವರು, ಗದರಿಸಿದವನಿಗೆ ದೇವರಿಲ್ಲದ ದಿಕ್ಕಿಗೆ ತಮ್ಮ ಕಾಲನ್ನು ತಿರುಗಿಸೆಂದು ಹೇಳಿದ ಪ್ರಸಂಗವಿದೆ. ಆದರೂ ಅದೇ ನಾನಕರು ರಬಾಬ್ ನುಡಿಸುವ ಮುಸ್ಲಿಂ ಸಂಗಾತಿ ಮರ್ದಾನನೊಡನೆ ವರ್ಷಗಟ್ಟಲೆ ದೇಶ ಸುತ್ತಿದರು. ಉದಾಸಿಗಳೆಂದು ಕರೆಯಲಾಗುವ ಈ ದೀರ್ಘ ಸಂಚಾರಗಳಲ್ಲೊಂದರ ನೆನಪನ್ನು ಭಕ್ತರು ಬೀದರಿನ ನಾನಕ್ ಝೀರಾದ ಸಿಹಿನೀರಿನ ಚಿಲುಮೆಯಲ್ಲಿ ಕಾಣುತ್ತಾರೆ. ಸ್ಥಾವರಕ್ಕಿಂತ, ಅಂದರೆ ನಿಂತಲ್ಲೇ ನಿಂತ ಗುಡಿಗಿಂತ, ಚಲಿಸುವ ಜಂಗಮವೇ ಹಿರಿದೆಂದ ಶರಣರ ಕಲ್ಯಾಣವೂ ಅದೇ ಜಿಲ್ಲೆಯಲ್ಲಿದ್ದು, ಅಲ್ಲಿಗೂ ಜನ ಯಾತ್ರೆ ಹೋಗುತ್ತಾರೆಂಬುದರಿಂದ ಕನ್ನಡಿಗರಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಗುರು ಗೋಬಿಂದ ಸಿಂಗರು 1708ರಲ್ಲಿ ದೇಹ ಬಿಟ್ಟ ನಾಂದೇಡದಿಂದ ಅಮೃತಸರಕ್ಕೆ ಓಡುವ ಸಚಖಂಡ್ ಎಕ್ಸ್‌ಪ್ರೆಸ್ಸಿನಲ್ಲಿ ತಾನೇ ಟಿಕೆಟು ಕೊಂಡು ಒಂಟಿಯಾಗಿ ಹೊರಟವನಿಗೂ ದಾರಿಯ ಕೆಲವು ನಿಲ್ದಾಣಗಳಲ್ಲಿ ಲಂಗರಿನ ಊಟ, ಎಂದರೆ ಜಾತಿಮತ ಕೇಳದೆ ಎಲ್ಲರಿಗೂ ಬಡಿಸುವ ಸಮುದಾಯದ ಅನ್ನ, ಸಿಗುತ್ತದೆ. ಯಾತ್ರೆಯ ಫಲವೆನ್ನುವುದು ಏನಾದರೂ ಇದ್ದರೆ ಅದು ಊರು ತಲುಪುವ ಮೊದಲೇ ಹೀಗೆ ಅಪರಿಚಿತರ ಕೈಯಿಂದ ಒದಗುತ್ತದೆ, ಮತ್ತು ಇದು ನಾನಕರ ಬೋಧೆಗೆ ಸ್ವಲ್ಪವೂ ವಿರುದ್ಧವಲ್ಲ.

ಅಮೃತಸರದಿಂದ ಮುಂದಕ್ಕೆ ಪ್ರಶ್ನೆ ಕಠಿಣವಾಗುತ್ತದೆ. ಆ ನಗರವನ್ನು ಲಾಹೋರಿಗೆ ಕೂಡಿಸುವ ಹಳಿ 1862ರಲ್ಲಿ ತೆರೆಯಿತು. 1947ರಲ್ಲಿ ನಿರಾಶ್ರಿತರನ್ನೂ ಕೊಲೆಯಾದವರ ಹೆಣಗಳನ್ನೂ ಹೊತ್ತು ರೈಲುಗಳು ಓಡಿದ್ದು ಇದೇ ಹಳಿಯ ಮೇಲೆ. ಸಿಮ್ಲಾ ಒಪ್ಪಂದದ ಫಲವಾಗಿ 1976ರಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಹೊರಟ ಸಮ್ಝೌತಾ ಎಕ್ಸ್‌ಪ್ರೆಸ್ 2019ರ ಆಗಸ್ಟಿನಲ್ಲಿ ನಿಂತುಹೋಯಿತು. ಅದೇ ವರ್ಷದ ನವೆಂಬರಿನಲ್ಲಿ, ಡೇರಾ ಬಾಬಾ ನಾನಕ್ ಎಂಬ ಗಡಿಯೂರಿನಿಂದ ರಾವಿಯಾಚೆಯ ಕರ್ತಾರ್‌ಪುರಕ್ಕೆ ವೀಸಾ ಇಲ್ಲದೆ ಹೋಗಿ ಅಂದೇ ಮರಳುವ ಕಾರಿಡಾರ್ ತೆರೆಯಿತು. 2025ರ ಮೇ ತಿಂಗಳಲ್ಲಿ ಭಾರತ ಅದನ್ನೂ ಮುಚ್ಚಿತು. ಗಡಿಯಿಂದ ಸುಮಾರು 4 ಕಿಲೋಮೀಟರಿನಷ್ಟೇ ದೂರದ ಅಲ್ಲಿನ ಗುರುದ್ವಾರವನ್ನು ಭಕ್ತರು ಕಾರಿಡಾರ್ ತೆರೆಯುವ ಮುಂಚೆ ಎಷ್ಟೋ ವರ್ಷ ಈ ಬದಿಯಿಂದ ದುರ್ಬೀನಿನಲ್ಲಿ ನೋಡಿ ಕೈಮುಗಿದಿದ್ದರು.

ಎಲ್ಲೆಡೆ ಇರುವ ದೇವರನ್ನು ದುರ್ಬೀನಿನಲ್ಲಿ ಹುಡುಕಬೇಕೇ ಎಂದು ತರ್ಕ ಕೇಳುತ್ತದೆ. ಆದರೆ ದೇವರು ಎಲ್ಲೆಡೆ ಇರಬಲ್ಲನೇ ಹೊರತು ಮನುಷ್ಯ ಇರಲಾರನೆಂಬುದನ್ನು ಈ ತರ್ಕ ಮರೆಯುತ್ತದೆ. ಸಂಚಾರ ಮುಗಿಸಿದ ನಾನಕರು ತಮ್ಮ ಕೊನೆಯ ವರ್ಷಗಳಲ್ಲಿ ಹೊಲ ಉತ್ತು, ಬಂದವರೊಡನೆ ಕೂತು ಉಂಡು, 1539ರಲ್ಲಿ ಕಣ್ಮುಚ್ಚಿದ್ದು ಕರ್ತಾರ್‌ಪುರದಲ್ಲಿಯೇ. ಅವರ ಅಂತ್ಯಸಂಸ್ಕಾರಕ್ಕಾಗಿ ಹಿಂದೂಗಳೂ ಮುಸ್ಲಿಮರೂ ಹಕ್ಕು ಹೂಡಿದರೆಂಬ ಕಥೆಗೆ ಒಪ್ಪುವಂತೆ ಅಲ್ಲಿ ಸಮಾಧಿಯೂ ಇದೆ, ಗೋರಿಯೂ ಇದೆ. ಈ ದುಡಿಮೆ, ಈ ಸಾವು, ಈ ಜಗಳ ಮತ್ತು ರಾಜಿ ನಡೆದದ್ದು ಆ ಒಂದೇ ನೆಲದಲ್ಲಿ. ಅದನ್ನು ಕಾಣಬೇಕೆನ್ನುವ ಆಸೆಯಲ್ಲಿ ದೇವರು ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಎಂಬ ಲೆಕ್ಕ ಇರಬೇಕಾಗಿಲ್ಲ. ಅರ್ದಾಸ್ ಎಂಬ ಸಿಖ್ಖರ ನಿತ್ಯಪ್ರಾರ್ಥನೆಗೆ ದೇಶವಿಭಜನೆಯ ನಂತರ ಸೇರಿದ ಬೇಡಿಕೆ ಇದಕ್ಕೆ ಸಾಕ್ಷಿ: ಪಂಥದಿಂದ ಅಗಲಿದ ಗುರುದ್ವಾರಗಳ ಮುಕ್ತ ದರ್ಶನವನ್ನು ಕೇಳುವ ಅದೇ ಉಸಿರಿನಲ್ಲಿ ಅವುಗಳ ಸೇವೆ ಮಾಡುವ, ಅವುಗಳನ್ನು ನೋಡಿಕೊಳ್ಳುವ ಅವಕಾಶವನ್ನೂ ಅದು ಕೇಳುತ್ತದೆ.