ಬೀಸುಕಲ್ಲಿನ ಸದ್ದು ಎಲ್ಲಿ ಹೋಯಿತು?

2010ರ ಆಸುಪಾಸಿನಲ್ಲಿ ಮಧುಗಿರಿಯಲ್ಲಿ ಓದುತ್ತಿದ್ದ ನಮಗೆ ಸಂಗೀತವೆಂದರೆ ಲೆಕ್ಕದ ಮೇಲೆ ಸಿಗುವ ಸರಕು. ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯಲ್ಲಿ ಉಗುರಗಲದ ಮೆಮೊರಿ ಕಾರ್ಡ್ ಕೊಟ್ಟು ‘ಹಾಡು ಹಾಕು’ ಎಂದರೆ ಸಾಕು. ಹುಡುಗ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ‘ಹಳೇದಾ, ಹೊಸದಾ, ದೇವ್ರುದಾ?’ ಎಂದು ಕೇಳಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ತುಂಬಿಸಿ ಕೊಡುತ್ತಿದ್ದ. 2 ಜಿಬಿ ಕಾರ್ಡಿಗೆ ಸುಮಾರು 500 ಹಾಡು. ಪಾವಗಡದ ಕಡೆಯ ಗೆಳೆಯರು ಅರ್ಧ ಕಾರ್ಡು ತೆಲುಗು ಹಾಡನ್ನೇ ತುಂಬಿಸಿಕೊಳ್ಳುತ್ತಿದ್ದರು. ಹಾಡು ಯಾರದು, ದುಡ್ಡು ಯಾರಿಗೆ ಸೇರಬೇಕು ಎಂಬ ಪ್ರಶ್ನೆ ನಮ್ಮ ನಡುವೆ ಬಂದದ್ದೇ ಇಲ್ಲ.

ನನ್ನ ಹತ್ತಿರ ಮಾತ್ರ ಆ ಅಂಗಡಿಯಲ್ಲಿ ಸಿಗದ ಹಾಡುಗಳಿದ್ದವು. ನಮ್ಮದು ಕೊರಟಗೆರೆ ಸೀಮೆ. ಅಪ್ಪನ ಅಕ್ಕನನ್ನು ಶಿರಾ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಅತ್ತೆ ರಾಗಿ ಬೀಸುತ್ತಾ ಪದ ಹೇಳುತ್ತಿದ್ದಳು. ಅಪ್ಪ ಹೊಸದಾಗಿ ಕೊಂಡಿದ್ದ ಟೇಪ್ ರೆಕಾರ್ಡರನ್ನು ಪಕ್ಕದಲ್ಲಿಟ್ಟು ಎರಡು ಕ್ಯಾಸೆಟ್ ತುಂಬಿಸಿದ್ದರು. ಅಪ್ಪ ಹೋದ ಮೇಲೆ ಆ ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯತೊಡಗಿತ್ತು. ಗೆಳೆಯನ ರೂಮಿನ ಕಂಪ್ಯೂಟರಿಗೆ ಟೇಪ್ ರೆಕಾರ್ಡರಿನಿಂದ ಒಂದು ವೈರು ಎಳೆದು, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಇಳಿಸಿಕೊಂಡೆ.

ಕೇಳಿದರೆ ಬರೀ ಕಲ್ಲು. ಗುರ್ರೆನ್ನುವ ಬೀಸುಕಲ್ಲಿನ ಕೆಳಗೆ ಅತ್ತೆಯ ದನಿ ಎಲ್ಲೋ ಮಸುಕಾಗಿ ಇತ್ತು. ಆ ತಗ್ಗಿನ ಸದ್ದನ್ನು ಸೋಸಿ ತೆಗೆದೆ. ಮೂರು ರಾತ್ರಿ ಕೂತ ಮೇಲೆ ದನಿ ತೊಳೆದಿಟ್ಟ ಹಾಗೆ ಹೊರಬಂತು. ಎಂಪಿ3 ಮಾಡಿ ನನ್ನ ಪುಟ್ಟ ಪ್ಲೇಯರಿಗೆ ಹಾಕಿಕೊಂಡೆ. ಕೊರಟಗೆರೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೇಳುವಾಗ, ಎಲ್ಲರೂ ಕದ್ದ ಹಾಡು ಕೇಳುತ್ತಿರುವಾಗ ನಾನೊಬ್ಬ ಉಳಿಸಿದ ಹಾಡು ಕೇಳುತ್ತಿದ್ದೇನೆ ಎಂಬ ಹೆಮ್ಮೆ.

ಮುಂದಿನದು ಸಣ್ಣ ಕತೆ. ಚಿಕ್ಕಪ್ಪನ ಮಗ ಕೇಳಿದ, ಕೊಟ್ಟೆ. ಅವನು ಆ ಕಾರ್ಡನ್ನೇ ಹಾಡು ಹಾಕಿಸಲು ಅಂಗಡಿಗೆ ಕೊಟ್ಟ. ಹೊಸದೇನು ಕಂಡರೂ ತನ್ನ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಕೊಳ್ಳುವುದು ಅಂಗಡಿಯ ಹುಡುಗನ ಅಭ್ಯಾಸ. ಕೆಲವೇ ತಿಂಗಳಲ್ಲಿ ಅತ್ತೆಯ ಪದ ಕಡಲೆಕಾಯಿ ಹೇರಿದ ಟ್ರ್ಯಾಕ್ಟರಿನಲ್ಲಿ ಕೂತು ಅತ್ತೆಯ ಊರಿಗೇ ಹೋಯಿತು.

ಒಂದು ಪದದ ಕೊನೆಯಲ್ಲಿ ಅತ್ತೆ ತಾನೇ ಕಟ್ಟಿದ ಎರಡು ಸಾಲು ಸೇರಿಸಿದ್ದಳು. ಉಪ್ಪಿಗೂ ಎಣ್ಣೆಗೂ ಲೆಕ್ಕವಿಡುವ ಓರಗಿತ್ತಿಯ ಮೇಲಿನ ಸಿಟ್ಟು ಅದರಲ್ಲಿತ್ತು. ಆ ಓರಗಿತ್ತಿ ಈಗ ಅತ್ತೆಯ ಹಾಗೇ ಮುದುಕಿ. ಸಿಟ್ಟು ಆರಿ ಎಷ್ಟೋ ಕಾಲವಾಗಿತ್ತು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಟ್ರ್ಯಾಕ್ಟರ್ ಹಾದುಹೋದ ದಿನದಿಂದ ಜಗಲಿಯಲ್ಲಿ ಒಬ್ಬಳೇ ಕೂರುವಂತಾಯಿತು.

ಸುದ್ದಿ ತಿಳಿದು ಹೋದೆ. ಅತ್ತೆ ಬೈಯಲಿಲ್ಲ. ನನ್ನ ಪ್ಲೇಯರಿನಲ್ಲಿ ಆ ಪದವನ್ನು ಪೂರ್ತಿ ಕೇಳಿ, ‘ಕಲ್ಲಿನ ಸದ್ದು ಎಲ್ಲೋಯ್ತಪ್ಪಾ?’ ಎಂದಳು. ‘ತೆಗೆದೆ ಅತ್ತೆ, ನಿನ್ ದನಿ ಕೇಳ್ಲಿ ಅಂತ.’ ‘ಅದು ಕೇಳ್ಬಾರ್ದು ಅಂತ್ಲೇ ಅಲ್ವೇನ್ಲಾ ಕಲ್ಲಿನ ಮುಂದೆ ಯೋಳಿದ್ದು’ ಎಂದಳು.

ಆ ಮಾತಿಗೆ ಉತ್ತರ ಹುಡುಕುತ್ತಾ ನಾನು ಮೊದಲು ಹೋದದ್ದು ಕಾನೂನಿನ ಕಡೆಗೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಈಗ ಅದರ ಅವಧಿ 50 ವರ್ಷ. ಹಾಡು ಹಳೆಯದಾದರೂ ಹಾಡಿದ ದನಿಯ ಮೇಲೆ ಹಾಡಿದವರಿಗೆ ಹಕ್ಕಿದೆ. ಸ್ವಂತ ಬಳಕೆಗೆ ಧ್ವನಿಮುದ್ರಿಸಿಕೊಂಡರೆ ಅದೇ ಕಾಯ್ದೆ ತಪ್ಪೆನ್ನುವುದಿಲ್ಲ. ಅಂದರೆ ನನ್ನ ಕಿವಿಯಲ್ಲಿ ಇರುವವರೆಗೆ ನಾನು ನಿರ್ದೋಷಿ. 2001ರಲ್ಲಿ ಐಪಾಡ್ ಬಂದಾಗ ಅದರ ಹೊದಿಕೆಯ ಮೇಲೆ ಸಂಗೀತ ಕದಿಯಬೇಡಿ ಎಂಬ ಚೀಟಿ ಅಂಟಿಸಿರುತ್ತಿದ್ದರು. ಆ ಚೀಟಿಯ ಮನಸ್ಸಿನಲ್ಲಿದ್ದದ್ದು ಕಂಪನಿಗಳಿಗೆ ಆಗುವ ನಷ್ಟ. ಅತ್ತೆಗೆ ಒಂದು ಪೈಸೆಯೂ ನಷ್ಟವಾಗಿಲ್ಲ. ಅವಳ ಹಾಡು ಅವಳಲ್ಲೇ ಇದೆ. ಹಾಗಾದರೆ ಅವಳಿಂದ ಹೋದದ್ದೇನು?

ಜನಪದ ಎಲ್ಲರದ್ದು ಎನ್ನುತ್ತೇವೆ. ನಿಜ, ಆದರೆ ಎಲ್ಲ ಪದವೂ ಎಲ್ಲರೂ ಕೇಳಲೆಂದು ಹುಟ್ಟಿದ್ದಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಪದವನ್ನು ಗಣೆಯ ಜೊತೆಗೆ ಹಾಡುವಾಗ ದೇವರೂ ಕೇಳಬೇಕು, ಕುಲವೂ ಕೇಳಬೇಕು. ಬೀಸುವ ಪದಕ್ಕೆ ಅಂಥ ಸಭೆಯಿಲ್ಲ. ಅತ್ತೆಯ ಮಾಮೂಲಿ ಪದಗಳು ಎಲ್ಲರಿಗೂ ಕೇಳಿದರೂ ಅಡ್ಡಿಯಿರಲಿಲ್ಲ. ಕೊನೆಯ ಎರಡು ಸಾಲಿಗೆ ಮಾತ್ರ ಕಲ್ಲಿನ ಮರೆ ಬೇಕಿತ್ತು. ಹಲಸಂಗಿ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಅಚ್ಚಾದಾಗ ಪದಗಳು ನಾಡಿಗೆಲ್ಲ ಸಿಕ್ಕವು, ಆದರೆ ಅಚ್ಚಿನ ಮಳೆಗೆ ದನಿ ಹಿಡಿಯಲು ಬರುವುದಿಲ್ಲ. ಓದುವವರಿಗೆ ‘ಇದು ಇಂಥವಳ ಗಂಟಲು’ ಎಂದು ಗುರುತು ಸಿಗದು. ನಾನು ಹಂಚಿದ್ದು ಪದವನ್ನಲ್ಲ, ಗುರುತನ್ನು.

ಎಂಪಿ3 ಕೆಲಸ ಮಾಡುವ ಬಗೆ ತಿಳಿದ ಮೇಲೆ ನನಗೆ ಇದು ಇನ್ನೂ ಚುಚ್ಚಿತು. ದೊಡ್ಡ ಸದ್ದೊಂದು ಇರುವಾಗ ಅದರ ಪಕ್ಕದ ಸಣ್ಣ ಸದ್ದು ಮನುಷ್ಯನ ಕಿವಿಗೆ ಬೀಳುವುದಿಲ್ಲ. ಕೇಳದ್ದನ್ನು ಇಟ್ಟುಕೊಂಡು ಪ್ರಯೋಜನವಿಲ್ಲವೆಂದು ಅದನ್ನು ಕೈಬಿಡುತ್ತದೆ. ಸಿ.ಡಿ.ಯಲ್ಲಿ ನಿಮಿಷಕ್ಕೆ 10 ಎಂಬಿ ಬೇಡುವ ಹಾಡು 1 ಎಂಬಿಗೆ ಇಳಿಯುವುದು ಬಹುಪಾಲು ಹೀಗೆ. ನಮ್ಮ ಹೆಂಗಸರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ದೊಡ್ಡ ಸದ್ದಿನ ಮರೆಯಲ್ಲಿ ತಮ್ಮ ಸಣ್ಣ ಮಾತನ್ನು ಇಟ್ಟಿದ್ದರು. ನಾನು ಕಸವೆಂದು ಗುಡಿಸಿ ಹಾಕಿದ್ದು ಅವಳ ಮನೆಯ ಬಾಗಿಲು.

ಹಾಗೆಂದು ಆ ಸಾಲುಗಳು ಅಳಿದುಹೋಗಬೇಕೆ? ಹೆಂಗಸರ ಸಿಟ್ಟು ಕಲ್ಲಿನಡಿಯಲ್ಲೇ ಉಳಿಯಬೇಕೆಂದರೆ ಅದೂ ಅನ್ಯಾಯವೇ ಎಂದು ಗೆಳತಿಯೊಬ್ಬಳು ವಾದಿಸಿದಳು. ಅವಳ ಮಾತನ್ನು ತಳ್ಳಿಹಾಕಲಾರೆ. ಅದು ಹೊರಗೆ ಬರಬೇಕಾದೀತು. ಆದರೆ ಯಾವತ್ತು, ಯಾರ ಮುಂದೆ ಎಂದು ಹೇಳಬೇಕಾದವಳು ಬದುಕಿದ್ದಳು, ಒಂದು ಬಸ್ಸಿನ ದೂರದಲ್ಲಿದ್ದಳು. ನಾನು ಕೇಳಲಿಲ್ಲ. ಪ್ಲೇಯರಿನಲ್ಲಿರುವುದೆಲ್ಲ ನನ್ನದು ಎಂದುಕೊಂಡಿದ್ದೆ. ನನ್ನ ಹತ್ತಿರ ಇರುವುದಕ್ಕೂ ನನ್ನದಾಗಿರುವುದಕ್ಕೂ ನಡುವೆ ಒಂದು ಮಾತು ಕೇಳುವಷ್ಟು ಜಾಗವಿದೆ ಎಂಬುದು ಹೊಳೆದಿರಲಿಲ್ಲ.

ಅಂಗಡಿಗೆ ಹೋಗಿ ಹೇಳಿದಾಗ ಹುಡುಗ ತಕರಾರಿಲ್ಲದೆ ಅಳಿಸಿದ. ‘ಎಷ್ಟ್ ಕಾರ್ಡಿಗೆ ಹಾಕಿದೀನೋ ಲೆಕ್ಕ ಇಟ್ಟಿಲ್ಲ ಅಣ್ಣಾ’ ಎಂದ. ಓರಗಿತ್ತಿ ಮತ್ತೆ ಜಗಲಿಗೆ ಬರಲು ಎರಡು ವರ್ಷ ಹಿಡಿಯಿತು.

ನನ್ನಲ್ಲಿರುವುದನ್ನೂ ಅಳಿಸಲೇ ಎಂದು ಅತ್ತೆಯನ್ನು ಕೇಳಿದ್ದೆ. ‘ನಿಮ್ಮಪ್ಪ ಇಡ್ಕೊಂಡಿದ್ದು, ಇರ್ಲಿ. ಕಲ್ಲು ವಾಪಸ್ ಆಕು’ ಎಂದಳು. ಸೋಸುವ ಮೊದಲಿನ ಪ್ರತಿ ಗೆಳೆಯನ ಕಂಪ್ಯೂಟರಿನಲ್ಲಿತ್ತು. ಈಗ ನನ್ನ ಫೋನಿನಲ್ಲಿರುವುದು ಅದೇ. ಕೊನೆಗೆ ಬಂದಾಗ ಕಲ್ಲು ಜೋರಾಗುತ್ತದೆ. ಸಾಲುಗಳು ನನಗೆ ಬಾಯಿಪಾಠ, ಆದರೂ ಅಲ್ಲಿ ಕಲ್ಲನ್ನೇ ಕೇಳುತ್ತೇನೆ.